ವೇಡರ್ ದೊಡ್ಡವನೋ, ಲ್ಯೂಕ್ ದೊಡ್ಡವನೋ: ಅಳೆಯುವ ಮೊದಲು ಅಳತೆ ಆರಿಸಿ

ಭಾನುವಾರ ಮಧ್ಯಾಹ್ನ. ಮುಂಬಯಿ ಕಡೆಯ ಡೊಂಬಿವಲಿಯಿಂದ ಮಾಟುಂಗಕ್ಕೆ ಸ್ಲೋ ಲೋಕಲ್ ಟ್ರೇನು. ರಜೆಯ ದಿನವಾದ್ದರಿಂದ ಸೀಟು ಸುಲಭವಾಗಿ ಸಿಕ್ಕಿತ್ತು. ನನ್ನ ಎದುರು ಕೂತಿದ್ದವರು ಅಕ್ಕನ ಮಗ ಮತ್ತು ತಮ್ಮನ ಮಗಳು. ಅವನು ಹನ್ನೆರಡನೇ ಕ್ಲಾಸು. ಅವಳು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಇಬ್ಬರಿಗೂ ಚಿಕ್ಕಂದಿನಿಂದ ಸ್ಟಾರ್ ವಾರ್ಸ್ ಸಿನಿಮಾಗಳು ಅಂದರೆ ಪ್ರಾಣ. ಅದರ ಖಳನಾಯಕ ಡಾರ್ತ್ ವೇಡರ್, ನಾಯಕ ಅವನ ಮಗ ಲ್ಯೂಕ್.

"ಮಾಮ, ನೀವೇ ಹೇಳಿ. ಡಾರ್ತ್ ವೇಡರ್ ಮುಂದೆ ಲ್ಯೂಕ್ ಯಾವ ಲೆಕ್ಕ?"

"ಕೊನೆಗೆ ವೇಡರ್ ಕೈ ಕತ್ತರಿಸಿದ್ದು ಯಾರು? ಲ್ಯೂಕ್ ಅಲ್ವಾ? ದೊಡ್ಡಪ್ಪ, ಇವನಿಗೆ ನೀವೇ ಬುದ್ಧಿ ಹೇಳಿ."

"ಅದು ಕಥೆಗೋಸ್ಕರ ಅಕ್ಕ. ಹೀರೋ ಗೆಲ್ಲಲೇಬೇಕಲ್ಲ."

ಥಾಣೆ ದಾಟುವಾಗ ಸ್ವರ ಏರಿತ್ತು. ಘಾಟ್ಕೋಪರ್‌ನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಕುರ್ಲಾ ಬರುವಾಗ ಇಬ್ಬರ ನಡುವೆ ಮಾತೇ ಇರಲಿಲ್ಲ. ಒಂದೇ ಕಥೆಯನ್ನು ಇಷ್ಟು ಪ್ರೀತಿಸುವ ಇಬ್ಬರು ಅದೇ ಕಥೆಗಾಗಿ ಮುನಿಸಿಕೊಂಡದ್ದು ನೋಡಿ ನನಗೆ ಬೇಸರವಾಯಿತು.

ನಾವು ಹೊರಟಿದ್ದು ತಾಳಮದ್ದಳೆಗೆ. ಅವತ್ತು ಕರ್ಣಾರ್ಜುನರ ಕಾಳಗ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರು ಬದುರು ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಕರ್ಣ ಸಾಯುತ್ತಾನೆ ಅಂತ ಸಭೆಗೆಲ್ಲ ಗೊತ್ತು. ಆದರೂ ಕರ್ಣನ ಅರ್ಥ ಹೇಳಿದವರು ಒಂದಿಂಚೂ ಬಿಟ್ಟುಕೊಡಲಿಲ್ಲ. ಸುಮ್ನೆ ‘ನಾನೇ ದೊಡ್ಡವನು’ ಅನ್ನಲೂ ಇಲ್ಲ. ಕವಚ ಕುಂಡಲ ಇದ್ದ ದಿನದ ಕರ್ಣ ಬೇರೆ, ಇಂದ್ರನಿಗೆ ಅದನ್ನು ಕೊಟ್ಟ ಮೇಲಿನ ಕರ್ಣ ಬೇರೆ. ಇಂದ್ರ ಕೊಟ್ಟ ಶಕ್ತ್ಯಾಯುಧ ಕೈಯಲ್ಲಿದ್ದಾಗಿನ ಕರ್ಣ ಬೇರೆ, ಅದು ಘಟೋತ್ಕಚನ ಮೇಲೆ ಖರ್ಚಾದ ಮೇಲಿನ ಕರ್ಣ ಬೇರೆ. ಹೀಗೆ ಒಂದೊಂದಾಗಿ ಬಿಡಿಸಿಟ್ಟರು. ಪಕ್ಕದಲ್ಲಿ ಅಕ್ಕನ ಮಗ ಮೈಯೆಲ್ಲ ಕಿವಿಯಾಗಿ ಕೂತಿದ್ದ.

ನನ್ನ ಸೋದರಮಾವ ಹಗಲು ಮಾಟುಂಗದಲ್ಲಿ ಹೋಟೆಲ್ ಕೆಲಸ, ರಾತ್ರಿ ಅರ್ಥ ಹೇಳುವುದು, ಹೀಗೆ ಬದುಕಿದವರು. ಅವರು ಮೊದಲು ಕಲಿಸಿದ ಪಾಠವೂ ಇದೇ. ಹಾಲನ್ನು ಮೊಳದಲ್ಲಿ ಅಳೆಯಬೇಡ, ಬಟ್ಟೆಯನ್ನು ಸೇರಿನಲ್ಲಿ ಅಳೆಯಬೇಡ. ಯಾವುದನ್ನು ಅಳೆಯುತ್ತೀಯೋ ಮೊದಲು ಹೇಳು. ನಾಯಕ ಹೆಚ್ಚೋ ಖಳನಾಯಕ ಹೆಚ್ಚೋ ಅಂತ ವಾದಕ್ಕೆ ಕೂರುವವರ ಕೈಯಲ್ಲಿ ಐದಾರು ಅಳತೆಗಳಿರುತ್ತವೆ. ಯಾವುದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ನಾನು ಕಂಡ ಹಾಗೆ ಇಲ್ಲಿ ಹೇಳುತ್ತೇನೆ.

ಯಾವ ಪ್ರಸಂಗ ಅಂತ ಮೊದಲು ಹೇಳಿ

ಅಳತೆಗೂ ಮೊದಲು ಇದೊಂದು ತೀರ್ಮಾನ ಆಗಬೇಕು. ಅರ್ಜುನನನ್ನು ಯುದ್ಧದಲ್ಲಿ ಯಾರಾದರೂ ಕೊಂದದ್ದುಂಟೇ? ಕುಮಾರವ್ಯಾಸನ ಹತ್ತು ಪರ್ವಗಳನ್ನು ಹಿಡಿದು ಕೂತವನು ಇಲ್ಲ ಅನ್ನುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತ ಹಿಡಿದವನು ಬಭ್ರುವಾಹನನ ಹೆಸರು ಹೇಳುತ್ತಾನೆ. ಅಲ್ಲಿ ಮಗನ ಬಾಣಕ್ಕೆ ಅರ್ಜುನನ ತಲೆಯೇ ಹೋಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರ ಕೈಯಲ್ಲಿರುವ ಪುಸ್ತಕ ಬೇರೆ, ಅಷ್ಟೇ.

ಸ್ಟಾರ್ ವಾರ್ಸ್‌ಗೂ ಇದೇ ಕಥೆ. ಸಿನಿಮಾಗಳ ಜೊತೆಗೆ ವರ್ಷಗಟ್ಟಲೆ ಕಾದಂಬರಿ, ಕಾಮಿಕ್ಸ್, ವಿಡಿಯೋ ಗೇಮ್ ಬಂದವು. 2014ರ ಏಪ್ರಿಲ್‌ನಲ್ಲಿ ಲ್ಯೂಕಸ್‌ಫಿಲ್ಮ್ ಕಂಪನಿ ಆ ಹಳೆಯ ಕಥೆಗಳನ್ನೆಲ್ಲ ‘ಲೆಜೆಂಡ್ಸ್’ ಅಂತ ಬೇರೆ ಪಂಕ್ತಿಯಲ್ಲಿ ಕೂರಿಸಿತು. ಅಂದರೆ ಓದಬಹುದು, ಆದರೆ ಮುಖ್ಯ ಕಥೆಯ ಲೆಕ್ಕಕ್ಕಿಲ್ಲ. ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನಲ್ಲಿ ಹಳೆ ಪುಸ್ತಕದ ರಾಶಿ ಇರುತ್ತದಲ್ಲ, ಅಕ್ಕನ ಮಗ ಅಲ್ಲಿಂದ ಅಂಥ ಕಾದಂಬರಿಗಳನ್ನು ಹುಡುಕಿ ತರುತ್ತಾನೆ. ಅದರಲ್ಲಿ ಓದಿದ್ದನ್ನು ವಾದಕ್ಕೆ ತಂದಾಗ ಅವಳು ಅದು ನಡೆಯಲ್ಲ ಅನ್ನುತ್ತಾಳೆ.

2008ರ ಒಂದು ಗೇಮ್‌ನಲ್ಲಿ ವೇಡರ್‌ನ ಗುಟ್ಟಿನ ಶಿಷ್ಯ ಒಬ್ಬನಿದ್ದಾನೆ. ಅವನು ಆಕಾಶದಲ್ಲಿದ್ದ ಸ್ಟಾರ್ ಡಿಸ್ಟ್ರಾಯರ್ ಹಡಗನ್ನು ಫೋರ್ಸ್ ಅನ್ನುವ ಅತೀಂದ್ರಿಯ ಬಲದಿಂದ ಕೆಳಗೆ ಎಳೆಯುತ್ತಾನೆ. ಆ ಹಡಗು 1,600 ಮೀಟರ್ ಉದ್ದ. ಅದೇ 1980ರ ಸಿನಿಮಾದಲ್ಲಿ ಫೋರ್ಸ್ ಬಳಸುವ ಜೆಡೈ ಯೋಧರ ಗುರು ಯೋಡಾ ಜೌಗಿನಿಂದ ಎತ್ತಿದ್ದು ಒಬ್ಬನೇ ಕೂರುವ ಪುಟ್ಟ ವಿಮಾನ. ಹಾಗಾದರೆ ಆ ಹುಡುಗ ಯೋಡಾನಿಗಿಂತ ದೊಡ್ಡವನಾ? ನಾನು ಒಪ್ಪುವುದಿಲ್ಲ. ಗೇಮ್ ಆಡುವವನ ಕೈಗೆ ಬಟನ್ ಕೊಟ್ಟ ಮೇಲೆ ಅವನಿಗೆ ದೊಡ್ಡ ಕೆಲಸ ಮಾಡಿದ ಖುಷಿ ಸಿಗಬೇಕು. ಹಾಗಾಗಿ ಗೇಮ್‌ನಲ್ಲಿ ಎಲ್ಲವೂ ಹಿಗ್ಗುತ್ತದೆ. ಸಿನಿಮಾಕ್ಕೆ ಸಿನಿಮಾ, ಗೇಮ್‌ಗೆ ಗೇಮ್. ಈ ಒಂದು ಕಟ್ಟು ಹಾಕಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅಂಕಿಯ ಅಳತೆ

ಹುಡುಗರಿಗೆ ಇದು ಬಹಳ ಇಷ್ಟ. ನಂಬರ್ ನೋಡಿದರೆ ಆಯಿತು, ವಾದವೇ ಬೇಡ. ಜಪಾನಿನ ಕಾಮಿಕ್ಸ್ ಡ್ರ್ಯಾಗನ್ ಬಾಲ್‌ನಲ್ಲಿ ಕಣ್ಣಿಗೆ ಹಾಕುವ ‘ಸ್ಕೌಟರ್’ ಎದುರಿನವನ ಬಲವನ್ನು ಅಂಕಿಯಲ್ಲೇ ತೋರಿಸುತ್ತದೆ. ಹೊಲದಲ್ಲಿ ನಿಂತ ರೈತನದು 5. ಖಳನಾಯಕ ಫ್ರೀಜಾನ ಮೊದಲ ರೂಪದ್ದೇ 5,30,000. ಕೇಳಿದರೆ ಎದೆ ನಡುಗುತ್ತದೆ.

ಆದರೆ ಅದೇ ಕಥೆಯಲ್ಲಿ ನಾಯಕರು ತಮ್ಮ ಬಲವನ್ನು ಅಡಗಿಸಿಡುವುದನ್ನು ಕಲಿತಿದ್ದಾರೆ. ಸ್ಕೌಟರ್ ಚಿಕ್ಕ ಅಂಕಿ ತೋರಿಸುತ್ತದೆ, ಮರುಕ್ಷಣ ಅದನ್ನು ನಂಬಿದವನೇ ನೆಲಕ್ಕೆ ಬೀಳುತ್ತಾನೆ. ಫ್ರೀಜಾನ ಕಾಳಗ ಮುಗಿದ ಮೇಲೆ ಕಥೆಯಲ್ಲಿ ಅಂಕಿಗಳೇ ಹೆಚ್ಚುಕಡಿಮೆ ಮಾಯವಾಗುತ್ತವೆ. ಲಕ್ಷ ಕೋಟಿ ಅಂತ ಏರಿಸುತ್ತಾ ಹೋದರೆ ಓದುವವನಿಗೆ ಏನೂ ಅನ್ನಿಸುವುದಿಲ್ಲ.

ಸ್ಟಾರ್ ವಾರ್ಸ್‌ನ 1999ರ ಸಿನಿಮಾದಲ್ಲೂ ಒಂದು ಅಂಕಿ ಬರುತ್ತದೆ. ಪುಟ್ಟ ಅನಾಕಿನ್‌ನ (ಮುಂದೆ ವೇಡರ್ ಆಗುವವನು ಇವನೇ) ರಕ್ತ ಪರೀಕ್ಷೆ ಮಾಡಿದಾಗ ಫೋರ್ಸ್ ಬಲದ ಗುರುತಾದ ಮಿಡಿಕ್ಲೋರಿಯನ್ ಲೆಕ್ಕ 20,000 ದಾಟುತ್ತದೆ. ಯೋಡಾನಿಗೂ ಅಷ್ಟಿಲ್ಲ. ಮುಂದೆ ಏನಾಯಿತು? 2002ರ ಸಿನಿಮಾದಲ್ಲಿ ಖಳನಾಯಕ ಡೂಕು ಅವನ ಕೈ ಕತ್ತರಿಸಿದ. ಅದೇ ಡೂಕುವನ್ನು ತಡೆದು ಓಡಿಸಿದ್ದು ಕಡಿಮೆ ಅಂಕಿಯ ಯೋಡಾ. ಅಂಕಿ ಹೇಳುವುದು ಬೀಜದ ಗುಣವನ್ನು, ಬೆಳೆಯನ್ನಲ್ಲ. ಒಂದೇ ಕಥೆಯ ಇಬ್ಬರು ಮಕ್ಕಳಲ್ಲಿ ಮುಂದೆ ಯಾರು ಬೆಳೆಯಬಹುದು ಅಂತ ಊಹಿಸುವುದಕ್ಕೆ ಇದು ಸಾಕು. ಕಾಳಗದ ತೀರ್ಪಿಗೆ ಸಾಲದು.

ಗೆದ್ದವನನ್ನು ಗೆದ್ದವನು

ಇದು ಕ್ರಿಕೆಟ್ ಲೆಕ್ಕ. ಇವನು ಅವನನ್ನು ಸೋಲಿಸಿದ, ಅವನು ಮತ್ತೊಬ್ಬನನ್ನು ಸೋಲಿಸಿದ, ಹಾಗಾಗಿ ಇವನೇ ಮೇಲು. ನೋಡಲು ನ್ಯಾಯವಾಗಿ ಕಾಣುತ್ತದೆ. 2005ರ ಸಿನಿಮಾ ಒಂದನ್ನೇ ತೆಗೆದುಕೊಳ್ಳಿ. ಆರಂಭದಲ್ಲಿ ಡೂಕು ಓಬಿ-ವಾನ್‌ನನ್ನು ಎಸೆದು ಪ್ರಜ್ಞೆ ತಪ್ಪಿಸುತ್ತಾನೆ. ಅದೇ ಕೋಣೆಯಲ್ಲಿ ಅನಾಕಿನ್ ಡೂಕುವನ್ನು ಕೊಲ್ಲುತ್ತಾನೆ. ಕೊನೆಯಲ್ಲಿ ಲಾವಾ ಹರಿಯುವ ಮುಸ್ತಾಫರ್‌ನಲ್ಲಿ ಓಬಿ-ವಾನ್ ಅನಾಕಿನ್‌ನನ್ನು ಸೋಲಿಸುತ್ತಾನೆ. ಡೂಕು ಓಬಿ-ವಾನ್‌ಗೆ ಮೇಲು, ಓಬಿ-ವಾನ್ ಅನಾಕಿನ್‌ಗೆ ಮೇಲು, ಅನಾಕಿನ್ ಡೂಕುವಿಗೆ ಮೇಲು. ಏಣಿ ಅಂದುಕೊಂಡದ್ದು ಚಕ್ರವಾಗಿ ತಿರುಗಿತು.

ಯಾಕೆ ಹೀಗೆ? ಓಬಿ-ವಾನ್ ಅನಾಕಿನ್‌ನ ಗುರು. ಶಿಷ್ಯನ ಒಂದೊಂದು ಏಟೂ ಅವನೇ ಕಲಿಸಿದ್ದು. ಅವನದು ತಡೆದು ತಡೆದು, ಎದುರಾಳಿ ತಪ್ಪುವವರೆಗೆ ಕಾಯುವ ಶೈಲಿ. ಅನಾಕಿನ್ ಅವತ್ತು ಸಿಟ್ಟಿನಲ್ಲಿ ಕುದಿಯುತ್ತಿದ್ದ. ಗುರು ದಡದ ಮೇಲೆ ನಿಂತಿದ್ದ, ಶಿಷ್ಯ ಕೆಳಗಿನಿಂದ ಹಾರಿದ. ಎರಡೂ ಕಾಲು, ಉಳಿದಿದ್ದ ಒಂದು ಕೈ, ಎಲ್ಲ ಒಂದೇ ಏಟಿಗೆ ಹೋಯಿತು. ಡೂಕುವಿಗೆ ಓಬಿ-ವಾನ್‌ನ ತಡೆಯುವ ಆಟ ಗೊತ್ತು, ಆದರೆ ಅನಾಕಿನ್‌ನ ರೋಷದ ಏಟುಗಳ ಮುಂದೆ ಅವನ ಚೆಂದದ ಕತ್ತಿವರಸೆ ನಿಲ್ಲಲಿಲ್ಲ. ಜೋಡಿ ಬದಲಾದರೆ ಫಲ ಬದಲಾಗುತ್ತದೆ. ಹಾಗಾಗಿ ಈ ಅಳತೆ ನೇರವಾಗಿ ಎದುರಾದ ಇಬ್ಬರಿಗೆ ಮಾತ್ರ. ಮೂರನೆಯವನಿಗೆ ದಾಟಿಸಬೇಡಿ.

ಕಣ್ಣಾರೆ ಕಂಡದ್ದು

ಪರದೆಯ ಮೇಲೆ ಮಾಡಿ ತೋರಿಸಿದ್ದನ್ನೇ ಲೆಕ್ಕ ಹಿಡಿಯುವುದು ಮೂರನೇ ದಾರಿ. ವೇಡರ್ 1977ರಲ್ಲಿ ಬೆರಳು ಎತ್ತಿ ಒಬ್ಬ ಅಧಿಕಾರಿಯ ಉಸಿರು ಕಟ್ಟಿಸಿದ. 1980ರಲ್ಲಿ ಪರದೆಯ ಮೇಲೆ ಮುಖ ಕಾಣುತ್ತಿದ್ದ, ಬೇರೆಲ್ಲೋ ಇದ್ದ ಅಡ್ಮಿರಲ್‌ನನ್ನು ಕೊಂದ. ಲ್ಯೂಕ್‌ನ ಗೆಳೆಯ ಹಾನ್ ಸೋಲೋ ಹಾರಿಸಿದ ಗುಂಡನ್ನು ಅಂಗೈಯಲ್ಲೇ ತಡೆದ. 2016ರ ಸಿನಿಮಾದ ಕೊನೆಯಲ್ಲಿ ಕತ್ತಲೆ ಕಾರಿಡಾರ್‌ನಲ್ಲಿ ಬೆಳಕಿನ ಕೆಂಪು ಕತ್ತಿ ಹೊತ್ತಿಸಿ ಸೈನಿಕರ ಗುಂಪನ್ನೇ ಮುಗಿಸಿದ. ಆ ಕಾರಿಡಾರ್ ನೋಡಿದ ಮೇಲೆಯೇ ಅಕ್ಕನ ಮಗ ವೇಡರ್ ಪಕ್ಷಕ್ಕೆ ಹೋಗಿದ್ದು.

ಇದು ಒಳ್ಳೆಯ ಅಳತೆ. ಸಾಕ್ಷಿ ಕಣ್ಣ ಮುಂದೆ ಇರುತ್ತದೆ. ಆದರೆ ಒಂದು ಕಡೆ ಜೋಪಾನವಾಗಿರಬೇಕು. 1977ರಲ್ಲಿ ಓಬಿ-ವಾನ್ ಮತ್ತು ವೇಡರ್ ಕಾದಾಡುವುದು ನಿಧಾನ. ನಾಲ್ಕು ಹೆಜ್ಜೆ, ಐದಾರು ಏಟು. 1999ರಲ್ಲಿ ಡಾರ್ತ್ ಮಾಲ್ ಇಬ್ಬರು ಜೆಡೈಗಳ ನಡುವೆ ಸುಂಟರಗಾಳಿಯ ಹಾಗೆ ತಿರುಗುತ್ತಾನೆ. ಮಾಲ್ ಪಾತ್ರದ ರೇ ಪಾರ್ಕ್ ಸಮರಕಲೆ ಕಲಿತವರು. ವೇಡರ್‌ನ ಕವಚದೊಳಗೆ ಡೇವಿಡ್ ಪ್ರೌಸ್ ಇದ್ದರು, ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಮುಂದಿನ ಎರಡು ಸಿನಿಮಾಗಳಲ್ಲಿ ಕತ್ತಿ ಕಾಳಗದ ಹೊತ್ತಿಗೆ ಕವಚ ತೊಟ್ಟವರು ಬಾಬ್ ಆಂಡರ್ಸನ್. ಅವರು ಬ್ರಿಟನ್ ಪರವಾಗಿ ಒಲಿಂಪಿಕ್ಸ್‌ನಲ್ಲಿ ಕತ್ತಿವರಸೆ ಆಡಿದವರು. ಅದಕ್ಕೇ ವೇಡರ್ ಮೊದಲ ಸಿನಿಮಾಕ್ಕಿಂತ ಎರಡನೆಯದರಲ್ಲಿ ಚುರುಕಾಗಿ ಕಾಣುತ್ತಾನೆ. ಬಲ ಬೆಳೆದದ್ದಲ್ಲ, ಕವಚದೊಳಗಿನ ಮನುಷ್ಯ ಬದಲಾದದ್ದು.

ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣದ ವೇಷದ ಕಿರೀಟ ದೊಡ್ಡದು, ಭಾರ ಜಾಸ್ತಿ. ರಾವಣ ನಿಧಾನವಾಗಿ, ಗತ್ತಿನಿಂದ ಹೆಜ್ಜೆ ಇಡುತ್ತಾನೆ. ಪುಂಡುವೇಷದ ಅಭಿಮನ್ಯು ಧೀಂಗಿಣ ಹೊಡೆಯುತ್ತಾನೆ. ಅದನ್ನು ನೋಡಿ ರಾವಣನಿಗೆ ಶಕ್ತಿ ಕಡಿಮೆ ಅಂತ ಯಾರಾದರೂ ಹೇಳುತ್ತಾರಾ? ವೇಡರ್ ಬಣ್ಣದ ವೇಷ. ಲ್ಯೂಕ್ ಪುಂಡುವೇಷ. ವೇಗವನ್ನು ಮಾತ್ರ ಅಳೆದರೆ ಬಣ್ಣದ ವೇಷಕ್ಕೆ ಅನ್ಯಾಯ ಮಾಡಿದ ಹಾಗೆ.

ಯಾವ ದಿನ, ಯಾವ ಗಾಯ

ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದ ಅಳತೆ ಇದು. ತಾಳಮದ್ದಳೆಯ ಕರ್ಣ ಕಲಿಸಿದ್ದೂ ಇದೇ. ಹೆಸರನ್ನು ಅಳೆಯಬೇಡಿ. ಆ ದಿನದ ಮನುಷ್ಯನನ್ನು ಅಳೆಯಿರಿ. ಅವನ ಕೈಯಲ್ಲಿ ಏನಿತ್ತು, ಮೈಯಲ್ಲಿ ಯಾವ ಗಾಯ ಇತ್ತು, ತಲೆಯಲ್ಲಿ ಯಾವ ಶಾಪ ಕೊರೆಯುತ್ತಿತ್ತು, ಯಾರಿಗೆ ಯಾವ ಮಾತು ಕೊಟ್ಟಿದ್ದ?

ಕರ್ಣನದೇ ಲೆಕ್ಕ ಹಾಕಿ. ಕವಚ ಹೋಗಿದೆ. ಶಕ್ತ್ಯಾಯುಧ ಖರ್ಚಾಗಿದೆ. ತೊಟ್ಟ ಬಾಣ ಮತ್ತೆ ತೊಡುವುದಿಲ್ಲ ಅಂತ ಕುಂತಿಗೆ ಮಾತು ಕೊಟ್ಟಾಗಿದೆ. ಬೇಕಾದ ಹೊತ್ತಿಗೆ ಅಸ್ತ್ರ ಮರೆತುಹೋಗಲಿ ಅನ್ನುವುದು ಪರಶುರಾಮರ ಶಾಪ. ಸಾರಥಿ ಶಲ್ಯ ಹುರಿದುಂಬಿಸುವ ಬದಲು ಹಳಿಯುತ್ತಾನೆ. ಕೊನೆಗೆ ರಥದ ಗಾಲಿ ಹೂತಿದೆ. ಇಷ್ಟೆಲ್ಲ ಇದ್ದರೂ ಅರ್ಜುನನಿಗೆ ಅವನನ್ನು ಸುಲಭವಾಗಿ ಮುಗಿಸಲು ಆಗಲಿಲ್ಲ. ಈ ಒಂದು ಸಾಲಿನಲ್ಲೇ ಕರ್ಣನ ಬಲ ಇದೆ. ಸೋಲಿಸಲು ಎಷ್ಟು ಬೇಕಾಯಿತು ಅನ್ನುವುದೇ ಸೋತವನ ಎತ್ತರ.

ಇದನ್ನು ಹಿಡಿದು 2015ರ ಸಿನಿಮಾಕ್ಕೆ ಬನ್ನಿ. ಕತ್ತಿ ಹಿಡಿದು ಅಭ್ಯಾಸವೇ ಇಲ್ಲದ ನಾಯಕಿ ರೇ, ಖಳನಾಯಕ ಕೈಲೋ ರೆನ್‌ನನ್ನು ಹಿಮದ ಕಾಡಿನಲ್ಲಿ ಸೋಲಿಸುತ್ತಾಳೆ. ಇದು ಮೋಸ ಅಂತ ಎಷ್ಟೋ ಜನ ರೇಗುತ್ತಾರೆ. ಆದರೆ ಆ ದಿನದ ಕೈಲೋ ಹೇಗಿದ್ದ? ಸ್ವಲ್ಪ ಹೊತ್ತಿನ ಹಿಂದೆ ಹೆತ್ತ ಅಪ್ಪನನ್ನೇ ಕೊಂದಿದ್ದ. ಆ ಅಪ್ಪನ ಗೆಳೆಯ ಚ್ಯೂಬಾಕಾನ ಬೋಕ್ಯಾಸ್ಟರ್ ಏಟು ಅವನ ಪಕ್ಕೆಗೆ ಬಿದ್ದಿತ್ತು. ಆ ಆಯುಧದ ಏಟಿಗೆ ಸೈನಿಕರು ಹಾರಿ ಬೀಳುವುದನ್ನು ಸಿನಿಮಾ ಮೊದಲಿನಿಂದ ತೋರಿಸುತ್ತಾ ಬಂದಿದೆ. ಅದೂ ಯಾಕೆ ಅಂತ ಈಗ ಗೊತ್ತಾಗುತ್ತದೆ. ಕೈಲೋ ನಡುವೆ ನಿಂತು ತನ್ನ ಗಾಯಕ್ಕೆ ತಾನೇ ಗುದ್ದಿಕೊಳ್ಳುತ್ತಾನೆ, ರಕ್ತ ಹಿಮದ ಮೇಲೆ ತೊಟ್ಟಿಕ್ಕುತ್ತದೆ. ಜೊತೆಗೆ ಅವನಿಗೆ ರೇಯನ್ನು ಕೊಲ್ಲುವ ಮನಸ್ಸೇ ಇಲ್ಲ. ತನ್ನ ಶಿಷ್ಯೆಯಾಗು ಅಂತ ಕೇಳುತ್ತಾನೆ. ಇದು ಗಾಲಿ ಹೂತ ರಥ. ರೇ ಗೆದ್ದದ್ದು ಸರಿ, ಆದರೆ ಅವಳು ಗೆದ್ದದ್ದು ಪೂರ್ತಿ ಕೈಲೋನನ್ನಲ್ಲ.

ಇದಕ್ಕಿಂತ ಚೆನ್ನಾದ ಉದಾಹರಣೆ ಓಬಿ-ವಾನ್ ಹೆಸರಿನ 2022ರ ಸೀರೀಸ್‌ನಲ್ಲಿದೆ. ಒಟ್ಟು ಆರು ಕಂತು. ಮೂರನೇ ಕಂತಿನಲ್ಲಿ ವೇಡರ್ ಓಬಿ-ವಾನ್‌ನನ್ನು ಬೆಂಕಿಯಲ್ಲಿ ಎಳೆದಾಡುತ್ತಾನೆ. ಆರನೇ ಕಂತಿನಲ್ಲಿ ಅದೇ ಓಬಿ-ವಾನ್ ಅದೇ ವೇಡರ್‌ನ ಮುಖವಾಡ ಒಡೆದು, ಉಸಿರಾಡಲು ಒದ್ದಾಡುವ ಹಾಗೆ ಮಾಡುತ್ತಾನೆ. ಜೋಡಿ ಒಂದೇ, ಫಲ ಎರಡು. ನಡುವೆ ಬಹಳ ದಿನವೂ ಕಳೆದಿಲ್ಲ. ಬದಲಾದದ್ದು ಏನು? ಓಬಿ-ವಾನ್ ಹತ್ತು ವರ್ಷ ಫೋರ್ಸ್‌ನಿಂದ ದೂರ ಉಳಿದಿದ್ದ. ಕತ್ತಿಯನ್ನು ಮರಳಲ್ಲಿ ಹೂತಿಟ್ಟಿದ್ದ. ಶಿಷ್ಯ ತನ್ನಿಂದಲೇ ಹೀಗಾದ ಅನ್ನುವ ನೋವು ಅವನ ಕೈ ಕಟ್ಟಿತ್ತು. ಕಾಯಬೇಕಾದ ಮಕ್ಕಳ ನೆನಪು ಆ ಕಟ್ಟನ್ನು ಬಿಡಿಸಿತು. ‘ಓಬಿ-ವಾನ್ ವೇಡರ್‌ಗಿಂತ ದೊಡ್ಡವನಾ’ ಅಂತ ಕೇಳಿದರೆ ನಾನು ‘ಯಾವ ಕಂತಿನ ಓಬಿ-ವಾನ್’ ಅಂತ ತಿರುಗಿ ಕೇಳುತ್ತೇನೆ.

ಮಾರ್ವೆಲ್ ಸಿನಿಮಾಗಳ ಖಳನಾಯಕ ಥಾನೋಸ್‌ನನ್ನೂ ಹೀಗೇ ನೋಡಬಹುದು. 2018ರ ಸಿನಿಮಾದ ಕೊನೆಯಲ್ಲಿ ಅಪಾರ ಬಲ ಕೊಡುವ ಆರು ಮಣಿಯೂ ಕೈಯಲ್ಲಿದ್ದಾಗ ಥೋರ್‌ನ ಕೊಡಲಿ ಅವನ ಎದೆಗೆ ಇಳಿಯಿತು. 2019ರಲ್ಲಿ ಬರುವವನು ಹಿಂದಿನ ಕಾಲದ ಥಾನೋಸ್. ಕೈಯಲ್ಲಿ ಒಂದು ಮಣಿಯೂ ಇಲ್ಲ. ಥೋರ್, ಐರನ್ ಮ್ಯಾನ್, ಕ್ಯಾಪ್ಟನ್ ಅಮೆರಿಕ ಮೂವರಿಗೂ ಒಟ್ಟಿಗೆ ನೀರು ಕುಡಿಸಿದ. ಆದರೆ ವಾಂಡಾ ಒಬ್ಬಳೇ ಅವನನ್ನು ಗಾಳಿಯಲ್ಲಿ ಎತ್ತಿ ಹಿಂಡಿದಾಗ, ತನ್ನ ಸೈನ್ಯ ಅಲ್ಲೇ ಇದ್ದರೂ ಹಡಗಿನಿಂದ ಬೆಂಕಿ ಸುರಿಸಿ ಅಂತ ಕೂಗಬೇಕಾಯಿತು. ಮಣಿ ಇದ್ದವನಿಗಿಂತ ಮಣಿ ಇಲ್ಲದವನು ಮೇಲು ಅಂತಲ್ಲ. ಎದುರಿಗೆ ನಿಂತವರು ಯಾರು, ಅವರ ಮನಸ್ಸು ಅವತ್ತು ಹೇಗಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ತೋಳಿನ ಬಲ, ಕುರ್ಚಿಯ ಬಲ

ಖಳನಾಯಕನನ್ನು ಅಳೆಯುವಾಗ ನಾವು ಮರೆಯುವ ಅಳತೆ ಇದು. 1977ರ ಮೊದಲ ಸಿನಿಮಾದಲ್ಲಿ ಅತಿ ಬಲಶಾಲಿ ಯಾರು? ಎಲ್ಲರೂ ವೇಡರ್ ಅನ್ನುತ್ತಾರೆ. ನನ್ನ ಉತ್ತರ ಸಾಮ್ರಾಜ್ಯದ ಅಧಿಕಾರಿ ಟಾರ್ಕಿನ್. ಕೈಯಲ್ಲಿ ಕತ್ತಿಯಿಲ್ಲ, ಫೋರ್ಸ್ ಇಲ್ಲ, ವಯಸ್ಸಾಗಿದೆ. ಆದರೆ ಅವನ ಒಂದು ಆಜ್ಞೆಗೆ ಆಲ್ಡರಾನ್ ಅನ್ನುವ ಇಡೀ ಗ್ರಹ ಪುಡಿಯಾಯಿತು. ವೇಡರ್ ಒಬ್ಬನ ಕತ್ತು ಹಿಸುಕುತ್ತಿದ್ದಾಗ ಬಿಡು ಅಂದವನೂ ಟಾರ್ಕಿನ್ನೇ. ವೇಡರ್ ಬಿಟ್ಟ.

ಸಾಮ್ರಾಟ ಪಾಲ್ಪಟೀನ್‌ನಲ್ಲಿ ಎರಡೂ ಬಲ ಇದೆ. ಬೆರಳ ತುದಿಯಿಂದ ಮಿಂಚು ಹಾಯಿಸುತ್ತಾನೆ. ಆದರೆ ಜೆಡೈಗಳ ಸಂತತಿಯನ್ನು ಅಳಿಸಿದ್ದು ಮಿಂಚಲ್ಲ. ಅದು ಆರ್ಡರ್ 66, ಫೋನಿನಲ್ಲಿ ಹೇಳುವಷ್ಟು ಚಿಕ್ಕ ಆಜ್ಞೆ. ಅಕ್ಕಪಕ್ಕ ನಿಂತು ಹೋರಾಡುತ್ತಿದ್ದ ಸೈನಿಕರೇ ತಿರುಗಿ ಗುಂಡು ಹಾರಿಸಿದರು. 1965ರಲ್ಲಿ ಬಂದ ಡ್ಯೂನ್ ಕಾದಂಬರಿಯ ಬ್ಯಾರನ್ ಹಾರ್ಕೊನೆನ್ ತನ್ನ ಮೈಯ ಭಾರವನ್ನೂ ತಾನೇ ಹೊರಲಾರ, ಅದಕ್ಕೆ ಯಂತ್ರ ಬೇಕು. ಆದರೂ ಒಂದು ದೊಡ್ಡ ವಂಶವನ್ನು ಒಂದೇ ರಾತ್ರಿಯಲ್ಲಿ ಮುರಿಯುತ್ತಾನೆ. ಕಾದಂಬರಿಯಲ್ಲಿ ಅವನನ್ನು ಕೊಲ್ಲುವುದು ಒಂದು ಪುಟ್ಟ ಹುಡುಗಿಯ ಕೈಯ ವಿಷದ ಸೂಜಿ.

ಕುರ್ಚಿಯ ಬಲ ಇರುವ ಖಳನಾಯಕನನ್ನು ಕತ್ತಿ ಹಿಡಿದ ನಾಯಕನ ಜೊತೆ ಅಖಾಡದಲ್ಲಿ ನಿಲ್ಲಿಸಿ ತೂಗಬೇಡಿ. ಅವನು ಅಖಾಡಕ್ಕೆ ಇಳಿಯದೇ ಗೆಲ್ಲುವವನು. ಅವನ ಎದುರು ನಾಯಕನ ಬಲವನ್ನು ಬೇರೆ ಕಡೆ ಹುಡುಕಬೇಕು. ಗ್ರಹವನ್ನೇ ಪುಡಿಮಾಡುವ ಆ ಡೆತ್ ಸ್ಟಾರ್ ಅನ್ನುವ ಆಕಾಶದ ಕೋಟೆಗೆ ಇದ್ದ ತೂತು ಎರಡು ಮೀಟರ್ ಅಗಲ. ಲ್ಯೂಕ್ ಗುರಿ ಹಿಡಿಯುವ ಕಂಪ್ಯೂಟರನ್ನೂ ಆರಿಸಿ, ಮನಸ್ಸನ್ನು ನಂಬಿ ಹೊಡೆದ. ಟಾರ್ಕಿನ್ ಅದರೊಳಗೇ ಕೂತಿದ್ದ.

ಬಂದ ಕೆಲಸ ಆಯಿತೇ

ಕತ್ತಿ ಯಾರ ಕೈಯಿಂದ ಬಿತ್ತು ಅಂತ ನೋಡುವುದು ಒಂದು. ಯಾರು ಬಂದ ಕೆಲಸ ಮುಗಿಸಿದರು ಅಂತ ನೋಡುವುದು ಇನ್ನೊಂದು. ಈ ಎರಡನ್ನೂ ಒಟ್ಟಿಗೆ ಹಿಡಿದರೆ ಹಳೆಯ ಜಗಳಗಳಿಗೆ ಎಷ್ಟೋ ಸಲ ಉತ್ತರ ಸಿಗುತ್ತದೆ.

2005ರ ಸಿನಿಮಾದಲ್ಲಿ ಯೋಡಾ ಸೆನೆಟ್ ಸಭಾಂಗಣಕ್ಕೆ ಹೋದದ್ದು ಪಾಲ್ಪಟೀನ್‌ನನ್ನು ಮುಗಿಸಲು. ತೋಳಿಗೆ ತೋಳು ಸಮ ಅಂತಲೇ ನಾನು ಹೇಳುತ್ತೇನೆ. ಆದರೆ ಕೆಳಗೆ ಬಿದ್ದು ಹೊರಟುಹೋದವನು ಯೋಡಾ, ಕುರ್ಚಿಯಲ್ಲಿ ಉಳಿದವನು ಪಾಲ್ಪಟೀನ್. ಅವತ್ತು ಖಳನಾಯಕನೇ ಗೆದ್ದ. ಯೋಡಾನ ಅಭಿಮಾನಿಗಳು ಇದನ್ನು ಒಪ್ಪಲು ಕಷ್ಟಪಡುತ್ತಾರೆ. ಆದರೆ ಯೋಡಾ ಸ್ವತಃ ಸೋತೆ ಅಂದುಕೊಂಡೇ ಹೋದ.

ಅದೇ ಸಿನಿಮಾದ ಜೆಡೈ ಮೇಸ್ ವಿಂಡು ಕಥೆ ಇನ್ನೂ ಕಷ್ಟ. ಮೇಸ್ ಜೊತೆಗಿನ ಕಾಳಗದಲ್ಲಿ ಪಾಲ್ಪಟೀನ್‌ನ ಕತ್ತಿ ಕಿಟಕಿಯಾಚೆ ಹಾರಿತು. ಅವನು ಬೇಕೆಂದೇ ಸೋತನೋ, ನಿಜಕ್ಕೂ ಸೋತನೋ? ಸಿನಿಮಾ ಎರಡಕ್ಕೂ ಜಾಗ ಬಿಟ್ಟಿದೆ. ನನಗೆ ಅನ್ನಿಸುವುದು ಹೀಗೆ: ಕತ್ತಿ ನಿಜವಾಗಿಯೇ ಕಳೆದುಕೊಂಡ, ಆಮೇಲೆ ಅನಾಕಿನ್ ಬಾಗಿಲಲ್ಲಿ ನಿಂತದ್ದು ಕಂಡ ಮೇಲೆ ಮಾಡಿದ ಗೋಳಾಟ ಮಾತ್ರ ನಾಟಕ. ಸೋಲನ್ನೇ ಬಲೆ ಮಾಡಿಕೊಂಡ. ಕತ್ತಿಯ ಲೆಕ್ಕ ಮೇಸ್‌ಗೆ, ಕೆಲಸದ ಲೆಕ್ಕ ಪಾಲ್ಪಟೀನ್‌ಗೆ.

ಮತ್ತೆ 1977ರ ಮುದುಕ ಓಬಿ-ವಾನ್ ಸೋತನಾ? ಲ್ಯೂಕ್ ಮತ್ತು ಗೆಳೆಯರು ಹಡಗಿನ ಹತ್ತಿರ ಬರುವವರೆಗೆ ವೇಡರ್‌ನನ್ನು ಹಿಡಿದಿಟ್ಟ. ಅವರು ಬಂದದ್ದನ್ನು ಕಂಡ. ಕತ್ತಿ ಮೇಲೆತ್ತಿ ನಿಂತ. ಅವನ ಕೆಲಸ ಮುಗಿದಿತ್ತು. 2017ರ ಲ್ಯೂಕ್ ಕೂಡ ಹೀಗೇ. ದೂರದ ದ್ವೀಪದ ಬಂಡೆಯ ಮೇಲೆ ಕೂತು ತನ್ನ ರೂಪವನ್ನು ಮಾತ್ರ ಬೇರೆ ಗ್ರಹಕ್ಕೆ ಕಳಿಸಿದ. ಕೈಲೋ ರೆನ್ ಇಡೀ ಸೈನ್ಯ ನಿಲ್ಲಿಸಿ ಗಾಳಿಗೆ ಕತ್ತಿ ಬೀಸಿದ. ಉಳಿದವರು ತಪ್ಪಿಸಿಕೊಂಡರು. ಲ್ಯೂಕ್ ಒಬ್ಬನಿಗೂ ಏಟು ಹೊಡೆಯಲಿಲ್ಲ, ಆ ಶ್ರಮಕ್ಕೆ ಪ್ರಾಣವನ್ನೂ ಬಿಟ್ಟ. ನಾನು ಕಂಡ ಲ್ಯೂಕ್‌ಗಳಲ್ಲಿ ಅತಿ ಬಲಶಾಲಿ ಇವನೇ.

ಹಾಗಾದರೆ ಯಾವುದನ್ನು ಆರಿಸಬೇಕು? ಮಕ್ಕಳ ಜೊತೆ ಹತ್ತು ನಿಮಿಷದ ಆಟಕ್ಕೆ ಅಂಕಿ ಸಾಕು. ಕಾಲೇಜು ಗೆಳೆಯರ ನಡುವೆ ಗಟ್ಟಿ ವಾದಕ್ಕೆ ಕೂರುವುದಾದರೆ ಪ್ರಸಂಗ ಮೊದಲು ನಿರ್ಧರಿಸಿ, ಕಣ್ಣಾರೆ ಕಂಡದ್ದನ್ನು ಸಾಕ್ಷಿಯಾಗಿ ತನ್ನಿ, ಆಮೇಲೆ ದಿನ ಮತ್ತು ಗಾಯದ ಲೆಕ್ಕ ಹಾಕಿ. ಖಳನಾಯಕ ರಾಜನೋ ಮಂತ್ರಿಯೋ ಆಗಿದ್ದರೆ ಕುರ್ಚಿಯನ್ನು ಮರೆಯಬೇಡಿ. ಬೇರೆ ಬೇರೆ ಲೋಕದವರ ಜೋಡಿಗೆ, ಅಂದರೆ ವೇಡರ್ ಎದುರು ಥಾನೋಸ್ ಅನ್ನುವಂಥದ್ದಕ್ಕೆ, ನಾನು ಇಳಿಯುವುದಿಲ್ಲ. ಒಂದು ಲೋಕದ ಮಣಿಗೂ ಇನ್ನೊಂದು ಲೋಕದ ಫೋರ್ಸ್‌ಗೂ ಸಾಮಾನ್ಯ ತಕ್ಕಡಿ ಇಲ್ಲ. ನಿಮಗೆ ಆಸೆಯಿದ್ದರೆ ನಿಯಮಗಳನ್ನು ಮೊದಲೇ ಬರೆದುಕೊಂಡು ಕೂರಿ.

ಮತ್ತೆ ನಿಮ್ಮ ಪಕ್ಷದ ಎದುರಾಳಿಯನ್ನು ಚಿಕ್ಕವನು ಮಾಡಬೇಡಿ. ರನ್ನನ ಗದಾಯುದ್ಧದಲ್ಲಿ ನಾಯಕ ಭೀಮ. ಆದರೂ ದುರ್ಯೋಧನ ಎಷ್ಟು ಎತ್ತರಕ್ಕೆ ನಿಲ್ಲುತ್ತಾನೆ ನೋಡಿ. ಅವನನ್ನು ಕುಗ್ಗಿಸಿದ್ದರೆ ಭೀಮನ ಗದೆಗೆ ಕೆಲಸವೇ ಇರುತ್ತಿರಲಿಲ್ಲ. ಸೋದರಮಾವ ದುರ್ಯೋಧನನ ಅರ್ಥ ಹೇಳುವ ಹಿಂದಿನ ರಾತ್ರಿ ಭೀಮನ ಪದ್ಯಗಳನ್ನೂ ಓದಿಕೊಳ್ಳುತ್ತಿದ್ದರು.

ಅವತ್ತು ರಾತ್ರಿ ವಾಪಸು ಬರುವಾಗ ಟ್ರೇನು ತುಂಬಿತ್ತು. ನನಗೆ ಫೋರ್ತ್ ಸೀಟು, ಅಂದರೆ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನ ಜಾಗ, ಸಿಕ್ಕಿತು, ಅವರಿಬ್ಬರೂ ಬಾಗಿಲ ಹತ್ತಿರ ನಿಂತರು. ಕುರ್ಲಾ ದಾಟಿದ ಮೇಲೆ ಅವನೇ ಮಾತು ತೆಗೆದ.

"ಅಕ್ಕ, 1980ರ ಲ್ಯೂಕ್ ಎದುರು 1980ರ ವೇಡರ್. ಕ್ಲೌಡ್ ಸಿಟಿ. ಅಲ್ಲಿ ವೇಡರ್ ಮೇಲು. ಅದಾದರೂ ಒಪ್ತೀಯಾ?"

"ತೋಳಿನ ಲೆಕ್ಕದಲ್ಲಿ ಒಪ್ಪಿದೆ. ಕೈ ಕತ್ತರಿಸಿದನಲ್ಲ. ಆದರೆ ಅವನು ಬಂದಿದ್ದು ಮಗನನ್ನು ತನ್ನ ಕಡೆ ಸೇರಿಸಿಕೊಳ್ಳಲು. ಮಗ ಕೆಳಗೆ ಹಾರಿದ. ಬಂದ ಕೆಲಸ ಆಗಲಿಲ್ಲ."

"ಲ್ಯೂಕ್ ಬಂದ ಕೆಲಸವೂ ಆಗಲಿಲ್ಲ. ಗೆಳೆಯರನ್ನು ಬಿಡಿಸಲು ಬಂದವನನ್ನು ಗೆಳೆಯರೇ ಬಂದು ಬಿಡಿಸಿದರು."

ಅವಳು ನಕ್ಕಳು. "ಸರಿ. ಇಬ್ಬರೂ ಸೋತರು ಅಂತ ಬರೆದುಕೋ."

"ಈಗ 1983. ಸಾಮ್ರಾಟನ ಎದುರು. ವೇಡರ್ ಅವತ್ತು ಪೂರ್ತಿ ಮನಸ್ಸಿಟ್ಟು ಹೊಡೆದನಾ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಇಲ್ಲ. ಅಪ್ಪನ ಮನಸ್ಸು ಎರಡಾಗಿತ್ತು. ಅದನ್ನು ಒಪ್ಪುತ್ತೇನೆ. ಆದರೆ 1980ರಲ್ಲೂ ಅವನು ಕೊಲ್ಲಲು ಹೊಡೆದಿರಲಿಲ್ಲ. ಮೊದಮೊದಲು ಒಂದೇ ಕೈಯಲ್ಲಿ ಆಡುತ್ತಿದ್ದ. ಹಾಗಾಗಿ ಎರಡೂ ಸಲ ಅವನ ಬಲ ಪೂರ್ತಿ ಹೊರಗೆ ಬಂದಿಲ್ಲ. ಅಷ್ಟು ಒಪ್ಪಿದ ಮೇಲೆ, 1983ರ ಲ್ಯೂಕ್ ಅವನ ಕೈ ಕತ್ತರಿಸಿದ್ದೂ, ಆಮೇಲೆ ತನ್ನ ಕತ್ತಿಯನ್ನೇ ಎಸೆದು ಅಪ್ಪನನ್ನು ವಾಪಸು ಪಡೆದದ್ದೂ ಎರಡೂ ಲ್ಯೂಕ್ ಲೆಕ್ಕಕ್ಕೆ. ಅದನ್ನು ನೀನು ಒಪ್ಪು."

ಮುಲುಂಡ್ ಬರುವವರೆಗೆ ಅವನು ಮಾತಾಡಲಿಲ್ಲ. ಬಾಗಿಲ ಕಂಬ ಹಿಡಿದು ಹೊರಗೆ ನೋಡುತ್ತಿದ್ದ.

"ಒಪ್ಪಿದೆ ಅಕ್ಕ," ಅಂದ. "ಈಗ ಮೇಸ್ ವಿಂಡು."